ಸುಶೀಲಮ್ಮ ಮುಟ್ಟದ ರೊಟ್ಟಿ

2017ರಲ್ಲಿ ನಾನು ಸಕಲೇಶಪುರದ ಕಡೆಯ ಒಂದು ಸಣ್ಣ ಪ್ರಾಟೆಸ್ಟೆಂಟ್ ಸಭೆಗೆ ಪಾಸ್ಟರ್ ಆಗಿದ್ದೆ. ಹಾನುಬಾಳಿನಾಚೆ, ಕಾಫಿ ಎಸ್ಟೇಟಿನ ಅಂಚಿನಲ್ಲಿ ಬಿಳಿಯರು ಕಟ್ಟಿಸಿಕೊಂಡಿದ್ದ ಹಳೇ ಚರ್ಚು. ಸಭೆ ಎಂದರೆ ನಾಲ್ಕಾರು ಮನೆ. ಒಂದು ಭಾನುವಾರ ಕಳೆದರೆ ಮುಂದಿನ ಭಾನುವಾರದವರೆಗೆ ನನ್ನ ಕದ ತಟ್ಟುವವರಿಲ್ಲ. ಅಡುಗೆ ಮಾಡುತ್ತ ನನ್ನೊಡನೆ ನಾನೇ ಮಾತಾಡುವ ಅಭ್ಯಾಸ ಹತ್ತಿದ್ದು ಅಲ್ಲಿಯೇ.

ಆ ವರ್ಷ ನಮ್ಮ ಪಂಥಕ್ಕೆ ಐನೂರು ವರ್ಷ ತುಂಬಿತ್ತು. ಜರ್ಮನಿಯ ಒಬ್ಬ ಸನ್ಯಾಸಿ ಪೋಪರಿಗೆ ಎದುರು ನಿಂತು, ಬೈಬಲನ್ನು ಜನರ ಭಾಷೆಗೆ ತಂದ ಕಥೆಯನ್ನು ಅಕ್ಟೋಬರ್ ಕೊನೆಯ ಭಾನುವಾರ ಆವೇಶದಿಂದಲೇ ಹೇಳಿದೆ. ಯಾರ ಅಪ್ಪಣೆಗೂ ಕಾಯಬೇಡಿ, ನೀವೇ ಓದಿ, ನೀವೇ ತಿಳಿದುಕೊಳ್ಳಿ ಎಂದೆ. ಎಲ್ಲರೂ ತಲೆದೂಗಿದರು.

ಅದೇ ವಾರ ಸುಶೀಲಮ್ಮನ ವಿಷಯ ಬಂತು. ನಿವೃತ್ತ ಶಿಕ್ಷಕಿ, ಒಂಟಿ ಹೆಂಗಸು. ಬೇಲಿಯಾಚೆಯ ಗೌರಮ್ಮನ ಗಂಡ ತೀರಿಕೊಂಡಿದ್ದ. ಹನ್ನೊಂದನೇ ದಿನ ಸತ್ತವನಿಗೆ ಎಡೆ ಇಟ್ಟು, ಆಮೇಲೆ ಆ ಅನ್ನವನ್ನು ಮನೆಯವರೂ ಬೇಕಾದವರೂ ಉಣ್ಣುತ್ತಾರೆ. ಗೌರಮ್ಮ ಕರೆದರು, ಸುಶೀಲಮ್ಮ ಪಕ್ಕದಲ್ಲಿ ಕೂತು ಉಂಡರು. ಎಡೆಯ ಅನ್ನ ಉಂಡವರಿಗೆ, ಯೇಸುವಿನ ನೆನಪಿಗೆ ಸಭೆಯೆಲ್ಲ ಹಂಚಿ ತಿನ್ನುವ ಪ್ರಭುಭೋಜನದ ರೊಟ್ಟಿ ಕೊಡಕೂಡದು, ಮೊದಲು ಸಭೆಯ ಮುಂದೆ ಕ್ಷಮೆ ಕೇಳಲಿ ಎಂದು ಸಭೆಯ ಹಿರಿಯ ದೇವಪುತ್ರಪ್ಪ ಪಟ್ಟು ಹಿಡಿದರು.

ಇಬ್ಬರನ್ನೂ ಕೂರಿಸಿದೆ. ಇಬ್ಬರೂ ಬೈಬಲ್ ತೆರೆದರು. ಪುಟವೂ ಒಂದೇ! ಪ್ರಭುವಿನ ಪಂಕ್ತಿ, ದೆವ್ವಗಳ ಪಂಕ್ತಿ ಎರಡರಲ್ಲೂ ಉಣ್ಣಲಾಗದು ಎಂಬ ಮಾತು ದೇವಪುತ್ರಪ್ಪನವರದು. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ ಎಂಬ ಕೆಳಗಿನ ಮಾತು ಸುಶೀಲಮ್ಮನದು.

"ಇನ್ನೂ ಕೆಳಗೆ ಓದಿ ಟೀಚರ್, ಎಡೆ ಅಂತ ಗೊತ್ತಿದ್ರೆ ಉಣ್ಣಬ್ಯಾಡಿ ಅಂತಲೂ ಐತೆ," ಎಂದರು ದೇವಪುತ್ರಪ್ಪ.

"ಓದಿವ್ನಿ. ಆದ್ರೆ ಕ್ಷಮೆ ಕೇಳಿದ್ರೆ, ಗೌರಮ್ಮನ ಜೊತೆ ಉಂಡಿದ್ದು ಪಾಪ ಅಂತ ನಾನೇ ಒಪ್ಪಿದಂಗೆ ಕಣ್ರೀ. ಅದು ನನ್ನ ಕೈಲಾಗಕಿಲ್ಲ," ಎಂದರು ಸುಶೀಲಮ್ಮ.

ನೀವೇ ಓದಿ ಎಂದವನು ನಾನು. ಇನ್ನು ಯಾರ ಬಾಯಿ ಮುಚ್ಚಿಸಲಿ? ರೊಟ್ಟಿ ಕೊಡುವುದೆಂದೇ ತೀರ್ಮಾನಿಸಿ ಇಬ್ಬರಿಗೂ ತಿಳಿಸಿದೆ.

ಮುಂದಿನ ಭಾನುವಾರ ರೊಟ್ಟಿಗೆ ಕರೆದಾಗ ಸುಶೀಲಮ್ಮ ಎಲ್ಲರಿಗಿಂತ ಮೊದಲು ಬಂದು ಪೀಠದ ಮುಂದೆ ಮೊಣಕಾಲೂರಿದರು. ದೇವಪುತ್ರಪ್ಪ ಎದ್ದು ಹೊರನಡೆದರು. ಒಂದೊಂದೇ ಮನೆಯವರು ಹಿಂದೆಯೇ ಹೋದರು. ನಾನು ರೊಟ್ಟಿಯ ತಟ್ಟೆ ಚಾಚಿದೆ. ಸುಶೀಲಮ್ಮ ತಿರುಗಿ ಖಾಲಿ ಬೆಂಚುಗಳನ್ನು ನೋಡಿ ಮೆಲ್ಲಗೆ ಎದ್ದು ನಿಂತರು.

"ಒಬ್ಳೇ ಓದ್ಬೋದು ಅಯ್ಯನೋರೆ. ಒಬ್ಳೇ ಉಣ್ಣೋಕೆ ಇದು ನನ್ನ ಮನೆ ಅಡುಗೆ ಅಲ್ವಲ್ಲ."

ಆಕೆ ಹೋದರು. ಪ್ರಾರ್ಥಿಸಿದ ರೊಟ್ಟಿಯನ್ನು ಉಳಿಸುವಂತಿಲ್ಲ. ಇಡೀ ಸಭೆಯ ಪಾಲನ್ನು ಪೀಠದ ಬಳಿ ನಿಂತು ನಾನೊಬ್ಬನೇ ತಿಂದೆ. ತಿನ್ನುತ್ತಲೇ ಅಳು ಬಂತು.

ಹೊರಹೋದವರೆಲ್ಲ ಮುಂದಿನ ವಾರ ಮರಳಿದರು. ನನಗೆ ವರ್ಗವಾಗುವವರೆಗೂ ಸುಶೀಲಮ್ಮ ಪ್ರತಿ ಭಾನುವಾರ ಬಂದು, ಹಿಂದೆ ಕೂತು, ಪ್ರಭುಭೋಜನಕ್ಕೆ ಮೊದಲೇ ಎದ್ದು ಹೋಗುತ್ತಿದ್ದರು. ಯಾರೂ ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ, ನಾನೂ. ಸ್ವಂತವಾಗಿ ಓದಿದವರು ಒಂಟಿಯಾದರೆ ಅವರ ಪಕ್ಕ ಹೋಗಿ ಕೂರುವುದೂ ಪಾಸ್ಟರನ ಕೆಲಸ ಎಂದು ನನಗೆ ಕಲಿಸಿದ್ದು ಆ ಚರ್ಚು. ಈಗ ನಿವೃತ್ತನಾಗಿ ಆಲೂರಿನಲ್ಲಿದ್ದೇನೆ. ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲೇ ಕೂರುತ್ತೇನೆ. ರೊಟ್ಟಿಗೆ ಕರೆದಾಗ ಅಲ್ಲಿ ಯಾರಾದರೂ ಏಳದೆ ಕೂತಿದ್ದರೆ ನಾನೂ ಏಳುವುದಿಲ್ಲ.