ಲಗಮವ್ವನ ಚಪ್ಪಲಿ

ಶ್ರಾವಣದ ಕಡೆಯ ಸೋಮವಾರ ಬುತ್ತಿ ಕಟ್ಟಿಕೊಂಡು ಊರ ಹಿಂದಿನ ಗುಡ್ಡ ಹತ್ತಿ, ಅಲ್ಲಿಯೇ ಉಂಡು ಬರುವುದು ಪರಸಪ್ಪನ ಮನೆಯ ರೂಢಿ. ಗುಡ್ಡವೆಂದರೆ ದೊಡ್ಡದೇನಲ್ಲ, ಕೂಸು ಎತ್ತಿಕೊಂಡವರೂ ಮಾತಾಡುತ್ತ ಹತ್ತಿಬಿಡಬಹುದು. ಆದರೆ ತೊಂಬತ್ತೆಂಟರ ಆ ಸೋಮವಾರ, ಬುತ್ತಿಯ ಗಂಟು ಕಟ್ಟುವ ಮೊದಲೇ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಕಾರಣ, ಸೊಸೆ ಲಗಮವ್ವನ ಚಪ್ಪಲಿ.

ಆ ಊರಲ್ಲಿ ಹೆಣ್ಣುಮಕ್ಕಳು ಚಪ್ಪಲಿ ಮೆಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಊರ ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಿದ್ದರು. ಅಲ್ಲಿಗೆ ಬಂದಾಗ ಸೊಸೆಯಂದಿರು ಚಪ್ಪಲಿ ಕಳಚಿ, ಸೆರಗಿನ ಮರೆಯಲ್ಲಿ ಹಿಡಿದು, ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಬೇಕು. ಬೆಲ್ಲದ ಬಾಗೇವಾಡಿಯಿಂದ ಮದುವೆಯಾಗಿ ಬಂದಂದಿನಿಂದ ಲಗಮವ್ವನೂ ಹಾಗೆಯೇ ಮಾಡಿದ್ದಳು. ಹೋದ ವರ್ಷ ಕಬ್ಬು ಕಡಿಯುವಾಗ ಚೂಪಾದ ಕೂಳೆಯೊಂದು ಅವಳ ಅಂಗಾಲಿಗೆ ನಟ್ಟಿತು. ಗಾಯ ಕೀವು ತುಂಬಿ, ಹುಕ್ಕೇರಿಯ ಡಾಕ್ಟರು ಕೊಯ್ದು ಕಟ್ಟು ಹಾಕಿದರು. "ಇನ್ನ ಬರಿಗಾಲಲೆ ಅಡ್ಡ್ಯಾಡಬ್ಯಾಡವ್ವ" ಎಂದೂ ಹೇಳಿದರು. ಗಾಯ ಕೂಡಿತಾದರೂ ಸಣ್ಣ ಹರಳು ತಗುಲಿದರೆ ಸಾಕು, ನೋವು ಮೊಣಕಾಲಿನವರೆಗೂ ಜಗ್ಗುತ್ತಿತ್ತು. ಮೊನ್ನೆ ಅಗಸಿಯ ಮುಂದೆ ಹರಡಿದ ಖಡಿಯ ಚೂಪುಗಲ್ಲುಗಳ ಮೇಲೆ ಬರಿಗಾಲಿಟ್ಟಾಗ ಮತ್ತೆ ರಕ್ತ ಒಸರಿತು. ಆ ಸಂಜೆಯೇ ಅವಳು ಮನೆಯಲ್ಲಿ ಹೇಳಿಬಿಟ್ಟಳು: "ಇನ್ನ ಕಟ್ಟಿ ಮುಂದ ನಾ ಚಪ್ಪಲಿ ಬಿಡೂದಿಲ್ಲ."

"ಮಂದ್ಯಾಗ ನನ್ನ ಪಟಗಾ ಇಳಸ್ತಿ ಏನು?" ಎಂದು ಮಾವ ಪರಸಪ್ಪ ಗದರಿದ.

"ಪಟಗಾ ನಿಮ್ಮ ತಲಿ ಮ್ಯಾಲ ಐತ್ರಿ, ಮಾವಾರ. ಗಾಯ ನನ್ನ ಅಂಗಾಲಾಗ ಐತಿ."

ಗಂಡ ಕಾಶಿನಾಥ ಜಗಳಕ್ಕೆ ಹೆದರುವವನು. ಅಗಸಿಯ ಉಸಾಬರಿಯೇ ಬೇಡವೆಂದು ಎಲ್ಲರನ್ನೂ ತಿಪ್ಪೆಗಳ ಹಿಂದಿನ ಸಂದಿಯಿಂದ ಗುಡ್ಡಕ್ಕೆ ಕರೆದೊಯ್ದ.

"ರಾಣಿಯವರ ಸಲುವಾಗಿ ನಾವೆಲ್ಲಾ ತಿಪ್ಪಿ ತುಳೀಬೇಕಾತು" ಎಂದು ಅತ್ತೆ ಉದ್ದವ್ವ ದಾರಿಯುದ್ದಕ್ಕೂ ಗೊಣಗಿದಳು. ಲಗಮವ್ವನ ಮಗಳು ಭಾಗ್ಯಾ ಮಾತ್ರ ಹುಲ್ಲಿನ ಹೂ ಕೀಳುತ್ತ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಶಾಲೆಯ ಒಂದನೆತ್ತೆಗೆ ಸೇರಿದ ಹುಡುಗಿ; ಸಾಲಿಗೆಂದು ತಂದ ಹೊಸ ಚಪ್ಪಲಿ ಅವಳ ಕಾಲಲ್ಲಿತ್ತು.

ಗುಡ್ಡದ ಮೇಲೆ ಕಲ್ಲಿನ ಬಸವಣ್ಣನಿದ್ದಾನೆ. ಲಗಮವ್ವ ದೂರದಲ್ಲೇ ಚಪ್ಪಲಿ ಬಿಟ್ಟು, ಕಾಲೂರಲಾಗದೆ ಕುಂಟುತ್ತ ಹೋಗಿ ಕೈಮುಗಿದು ಬಂದಳು.

"ಇಲ್ಲಿ ಬಿಡಾಕ ನೋವಾಗಲಿಲ್ಲನ?" ಎಂದಳು ಉದ್ದವ್ವ.

"ನೋವಾತ್ರಿ, ಅತ್ತಿ. ಆದರ ಇಂವ ದೇವರು. ಕಟ್ಟಿ ಮ್ಯಾಲಿನವರು ತಂಬಾಕ ತಿಕ್ಕೋತ ಕುಂತ ಮಂದಿ."

ಕಾಶಿನಾಥನಿಗೆ ನಗು ಬಂದು ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಪರಸಪ್ಪ ಏನೂ ಕೇಳದವನಂತೆ ದೂರದ ಕಬ್ಬಿನ ಹೊಲಗಳನ್ನು ನೋಡುತ್ತ ಕೂತ.

ಉಂಡು ಇಳಿಯುವಾಗ ಜೋರಾಗಿ ಒಂದು ಮಳೆ ಹೊಡೆಯಿತು. ತಿಪ್ಪೆಯ ಸಂದಿಯಲ್ಲಿ ಮೊಣಕಾಲುದ್ದ ಕೆಸರಿನ ರೊಜ್ಜು. ಅಗಸಿಯ ದಾರಿಯನ್ನೇ ಹಿಡಿಯಬೇಕಾಯಿತು. ಕಟ್ಟೆ ದೂರದಿಂದ ಕಾಣುತ್ತಲೇ ಕಾಶಿನಾಥ ಹೆಂಡತಿಯ ಬಾಜೂಕ್ಕೆ ಬಂದು ಮೆಲ್ಲಗೆ ಹೇಳಿದ: "ಭಾಗ್ಯಾನ ಅವ್ವ, ಇವತ್ತೊಂದ ದಿವಸ ಬಿಡು. ನನ್ನ ಸಲುವಾಗಿ. ಬೇಕಾದರ ನನ್ನ ಕೈ ಹಿಡಕೊಂಡ ನಡಿ."

ಅವನ ಮುಖ ನೋಡಿ ಲಗಮವ್ವನ ಮನಸ್ಸು ಕರಗಿತು. ಎಂದೂ ಗದರದ ಗಂಡ. ಬಗ್ಗಿ ಒಂದು ಚಪ್ಪಲಿ ಕಳಚಿಯೂ ಬಿಟ್ಟಳು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮುಂದೆ ನೋಡಿದಳು.

ಭಾಗ್ಯಾ ಆಗಲೇ ಅಗಸಿಯ ಹತ್ತಿರವಿದ್ದಳು. ತನ್ನ ಪುಟ್ಟ ಚಪ್ಪಲಿಗಳನ್ನು ಬಿಚ್ಚಿ, ಫ್ರಾಕಿನ ಅಂಚಿನಲ್ಲಿ ಮುಚ್ಚಿ, ತಲೆ ಬಗ್ಗಿಸಿಕೊಂಡು ಕಟ್ಟೆಯ ಕಡೆ ನಡೆಯತೊಡಗಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅಷ್ಟು ಸಣ್ಣ ಹುಡುಗಿಯರಿಗೆ ಆ ಕಟ್ಟಳೆಯೂ ಇರಲಿಲ್ಲ. ಅವ್ವನನ್ನು ನೋಡಿ ನೋಡಿ ಕಲಿತಿದ್ದಳು.

"ಭಾಗ್ಯಾ! ನಿಲ್ಲಲ್ಲೆ!"

ಲಗಮವ್ವ ಕಳಚಿದ ಚಪ್ಪಲಿಯನ್ನು ಮೆಟ್ಟಿ, ಮಗಳ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹುಡುಗಿಯ ಅಂಗಾಲಿನ ಕೆಸರನ್ನು ಸೆರಗಿನಿಂದ ಒರೆಸಿದಳು.

"ಹಾಕ್ಕೊ."

"ಅವ್ವ, ಮುತ್ಯಾಗೋಳು ಕುಂತಾರ."

"ಕುಂದರಲಿ. ಹಾಕ್ಕೊ."

ಮಗಳ ಕೈ ಹಿಡಿದು ಅವಳು ಕಟ್ಟೆಯ ಮುಂದೆ ಬಂದಳು. ಹಸಿ ಚಪ್ಪಲಿಗಳು ಪಚಕ್ ಪಚಕ್ ಎಂದವು. ಕಟ್ಟೆಯ ಮೇಲೆ ಕೂತವರಲ್ಲಿ ಎಲ್ಲರಿಗಿಂತ ಹಿರಿಯನಾದ ಕೆಂಚಪ್ಪ ಹಿಂದೆ ಬರುತ್ತಿದ್ದ ಪರಸಪ್ಪನನ್ನು ಕೂಗಿದ: "ಏನೋ ಪರಸಪ್ಪ, ನಿನ್ನ ಸೊಸಿಗಿ ಕಟ್ಟಿ ಕಾಣವಲ್ದೇನು?"

ಪರಸಪ್ಪ ಬಾಯಿ ತೆರೆಯುವ ಮೊದಲೇ ಲಗಮವ್ವ ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೈಮುಗಿದಳು. ಆ ಕಟ್ಟೆಯ ಮುಂದೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಕಾಣ್ತೈತ್ರಿ, ಕಾಕಾರ. ನೀವೂ ಕಾಣ್ತೀರಿ. ಶರಣ್ರಿ."

"ಮತ್ತ ಕಾಲಾಗಿನ ಚಪ್ಪಲಿ?"

"ಅವೂ ಕಾಣಾಕತ್ತಾವಲ್ರಿ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ಅವಳು ಓಡಲಿಲ್ಲ, ಅವಸರಿಸಲೂ ಇಲ್ಲ. ಗುಡ್ಡ ಇಳಿದ ನಡಿಗೆಯಲ್ಲೇ ಮನೆ ಮುಟ್ಟಿದಳು.

ಪರಸಪ್ಪ ಸೊಸೆಯೊಡನೆ ಮಾತು ಬಿಟ್ಟ. ಆ ರಾತ್ರಿ ಪಡಸಾಲೆಯಿಂದಲೇ ಹೆಂಡತಿಗೆ ಕೇಳುವಂತೆ ಹೇಳಿದ: "ನಾಳಿಂದ ಆಕಿ ಆ ದಾರಿ ಹಿಡೀಬಾರದು."

ಒಲೆಯ ಮುಂದಿದ್ದ ಲಗಮವ್ವ ತಲೆ ಎತ್ತಲಿಲ್ಲ. "ನೀರಿನ ಬಾವಿ ಆ ಕಡೆಗೇ ಐತಿ ಅಂತ ಹೇಳ್ರಿ, ಅತ್ತಿ."

ಉದ್ದವ್ವ ಒಮ್ಮೆ ಗಂಡನ ಕಡೆ, ಒಮ್ಮೆ ಸೊಸೆಯ ಕಾಲಿನ ಕಡೆ ನೋಡಿದಳು.

ಮರುದಿನ ಬೆಳಿಗ್ಗೆ ಲಗಮವ್ವ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟಾಗ ಕೆಂಚಪ್ಪ ಆಗಲೇ ಕಟ್ಟೆಯ ಮೇಲಿದ್ದ. ಅವಳು ಶರಣು ಹೇಳಿದಳು. ಅವನು ಮುಖ ತಿರುಗಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡೇ ಬಾವಿಯ ಕಡೆ ನಡೆದಳು.