ಎಡಕ್ಕೆ ಎಳೆಯುವ ಗಾಡಿ

ಮೊದಲ ವರ್ಷದ ಮಕ್ಕಳು ನಡುವೆಯೇ ಕಾಲೇಜು ಬಿಟ್ಟು ಹೋಗಬಾರದೆಂದು ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೋಬೋಟ್ ಪ್ರಾಜೆಕ್ಟ್ ಶುರು ಮಾಡಿದ್ದರು. ಪಾಠ ಕೇಳಿ ಬೇಸತ್ತವರ ಕೈಗೆ ಮೋಟಾರು, ಚಕ್ರ, ಸ್ಕ್ರೂಡ್ರೈವರ್ ಕೊಟ್ಟರೆ ಉಳಿಯುತ್ತಾರೆ ಎಂಬ ಆಸೆ. ಆ ಲ್ಯಾಬಿನ ಮೇಡಂ ನಾನು. ಮೀಟಿಂಗುಗಳಲ್ಲಿ ತೂಕಡಿಸುವ ನನಗೂ ಈ ಮಾತೊಂದು ಹಿಡಿಸಿತ್ತು.

ಕೆಲಗೇರಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷಿನ ಗಣಿತ ಪಾಠದಲ್ಲಿ ತಲೆ ತಗ್ಗಿಸಿ ಕೂತು, ಟೆಸ್ಟಿನಲ್ಲಿ ಫೇಲಾಗುತ್ತಿದ್ದವಳು ಲ್ಯಾಬಿಗೆ ಬಂದರೆ ಬೇರೆಯೇ ಆಗುತ್ತಿದ್ದಳು. ನೆಲದ ಕಪ್ಪು ಟೇಪಿನ ಗುಂಟ ತಾನೇ ಓಡುವ ಪುಟ್ಟ ಗಾಡಿಯನ್ನು ಒಬ್ಬಳೇ ಕಟ್ಟಿದಳು. ಆದರೆ ಅದು ಮುಗಿಯುತ್ತಲೇ ಇರಲಿಲ್ಲ.

"ಮತ್ತ ಎಡಕ್ಕ ಎಳ್ಯಾಕತ್ತೈತ್ರಿ ಮೇಡಂ," ಅನ್ನುತ್ತಿದ್ದಳು, ಚೂರೂ ಬೇಸರವಿಲ್ಲದೆ.

ಒಂದು ಸಂಜೆ ಮರೆತ ಛತ್ರಿಗೆಂದು ಲ್ಯಾಬಿಗೆ ಮರಳಿದೆ. ಅವಳು ಎಡಚಕ್ರದ ಸ್ಕ್ರೂ ಸಡಿಲ ಮಾಡುತ್ತಿದ್ದಳು. ನನ್ನನ್ನು ಕಂಡು ಸ್ಕ್ರೂಡ್ರೈವರ್ ಬೆನ್ನ ಹಿಂದೆ ಬಚ್ಚಿಟ್ಟಳು.

"ಇದು ಮುಗದ್ರ ನನಗ ಇಲ್ಲಿ ಏನೈತ್ರಿ? ಬರೇ ಕ್ಲಾಸ್ ಉಳೀತಾವ. ಅವು ನನಗ ತಿಳ್ಯಾಂಗಿಲ್ರಿ. ಅಪ್ಪಾರು ಸಾಕು, ಮನೀಗೆ ಬಾ ಅನ್ನಾಕತ್ತಾರ."

ಬೈಯಲು ಬಾಯಿ ತೆರೆದವಳು ಛತ್ರಿ ಎತ್ತಿಕೊಂಡು ಹೊರಟುಬಂದೆ. ಮರುದಿನದಿಂದ ಆ ಕಳ್ಳಾಟದಲ್ಲಿ ನಾನೂ ಸೇರಿಕೊಂಡೆ. "ಸೆನ್ಸರ್ ಇನ್ನೊಮ್ಮಿ ಬಿಚ್ಚಿ ನೋಡು," ಅನ್ನುವುದು, ಅವಳು ಬಿಚ್ಚುವಾಗ ಪಕ್ಕದಲ್ಲಿ ಕೂತು ಕನ್ನಡದಲ್ಲೇ ಗಣಿತ ಹೇಳಿಕೊಡುವುದು. ಚಕ್ರ ಸುತ್ತುವ ಲೆಕ್ಕದಿಂದ ಶುರು ಮಾಡಿದ್ದೆವು. ಇನ್ನೊಂದಿಷ್ಟು ದಿನ ಸಿಕ್ಕಿದ್ದರೆ ಅವಳು ಪಾಸಾಗುತ್ತಿದ್ದಳೆಂದು ಇವತ್ತಿಗೂ ನಂಬಿದ್ದೇನೆ.

ಸಿಗಲಿಲ್ಲ. ಮುಂದಿನ ತಂಡಕ್ಕೂ ಅದೇ ಸಾಮಾನು ಬೇಕಿತ್ತು. ಎಲ್ಲರೂ ಗಾಡಿ ಓಡಿಸಿ ತೋರಿಸಿ, ಬಿಚ್ಚಿ ಡಬ್ಬಿಗೆ ಹಾಕಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಆ ದಿನ ಅವಳ ಗಾಡಿ ತಿರುವುಗಳನ್ನೆಲ್ಲ ದಾಟಿ, ಒಮ್ಮೆಯೂ ಗೆರೆ ತಪ್ಪದೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ನೋಡ್ರಿ ಮೇಡಂ, ಇಂಥಾ ಹುಡುಗೂರನ್ನ ಉಳಿಸ್ಕೊಂಡ್ವಿ," ಎಂದು ಪ್ರಿನ್ಸಿಪಾಲರು ಹಿಗ್ಗಿದರು. ನನಗೆ ಅಳು ಬಂತು.

ಅವಳು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಡಬ್ಬಿಯಲ್ಲಿ ಜೋಡಿಸಿ ನನ್ನ ಕೈಗಿಟ್ಟಳು.

"ಬರ್ತೇನ್ರಿ ಮೇಡಂ."

"ನಾಳಿ ಬಾ. ಗಣಿತ ಇನ್ನೂ ಉಳದೈತಿ."

"ಹೂಂನ್ರಿ," ಎಂದಳು, ನೆಲ ನೋಡುತ್ತ.

ಮರುದಿನ ಸಂಜೆ ಅವಳ ಡಬ್ಬಿ ತೆಗೆದು ಗಾಡಿಯನ್ನು ನಾನೇ ಮತ್ತೆ ಜೋಡಿಸಿದೆ. ಎಡಚಕ್ರದ ಸ್ಕ್ರೂ ಸಡಿಲ ಬಿಟ್ಟು, ಲ್ಯಾಬಿಗೆ ಬೀಗ ಹಾಕುವ ಹೊತ್ತಿನವರೆಗೂ ಕಾದೆ. ಅವಳು ಬರಲಿಲ್ಲ.