‘ಕೂತ್ಕೊಳಿ’ ಅನ್ನುವವರ ನಡುವೆ

ಎಂಬತ್ತರ ಆಸುಪಾಸಿನ ಅಜ್ಜಿ ತಾಂಬೂಲ ಹಿಡಿದು ಎದುರಿಗೆ ನಿಂತಿದ್ದಾರೆ. ಇನ್ನೂ ನಲವತ್ತು ತುಂಬದ ನಾನು ಕುರ್ಚಿಯಲ್ಲಿ ಕೂತೇ ಇದ್ದೇನೆ. ಏಳುತ್ತಿಲ್ಲ.

ನಮ್ಮ ಕಡೆ ಇದಕ್ಕೇನಂತಾರೆ ಗೊತ್ತಲ್ಲ? ಕೊಬ್ಬು ಅಂತಾರೆ.

ಮಾಕವಳ್ಳಿ ಪಕ್ಕದ ಒಂದು ಹಳ್ಳಿಯಲ್ಲಿ ಬೀಗರ ಊಟ. ಶಾಮಿಯಾನ ನಮ್ಮದು. (ಹೊಸ ಓದುಗರಿಗೆ ಹೇಳಿಬಿಡುತ್ತೇನೆ, ಈ ಅಂಕಣ ಬರೆಯುವುದು ನನ್ನ ಚಟ. ಹೊಟ್ಟೆಪಾಡಿಗೆ ಕೆ.ಆರ್. ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದೆ. ನಮ್ಮ ಅಬ್ಬಾ, ಅಂದರೆ ಅಪ್ಪ, ಶುರು ಮಾಡಿದ್ದು.) ಊಟ ಮುಗಿದು ಜನ ಟ್ರಾಕ್ಟರು ಹತ್ತುತ್ತಿದ್ದರು. ಆ ಮನೆಯ ಹಿರಿಯಜ್ಜಿ ನಿಂಗಮ್ಮನವರು ಅಡುಗೆಯವರಿಗೆ, ಪೆಂಡಾಲಿನವರಿಗೆ ತಮ್ಮ ಕೈಯಾರೆ ಎಲೆ, ಅಡಿಕೆ, ಬಾಳೆಹಣ್ಣು ಕೊಡುತ್ತಾ ಬಂದರು. ಕೆಲಸ ಮಾಡಿದವರನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಆ ಮನೆಯ ಪದ್ಧತಿ. ತಗೊಳ್ಳುವವರಿಗೂ ಒಂದು ಪದ್ಧತಿ ಇದೆ. ಎದ್ದು ನಿಂತು ಎರಡೂ ಕೈ ಚಾಚಬೇಕು.

ನಾನು ಎರಡೂ ಕೈ ಚಾಚಿದೆ. ಏಳುವುದೊಂದು ಆಗಲಿಲ್ಲ. ಬೆಳಿಗ್ಗೆಯಿಂದ ಅದೇ ಕುರ್ಚಿಯಲ್ಲಿ ಕೂತು ಕೂತು ಸೊಂಟಕ್ಕೆ ಸಿಮೆಂಟು ಹಾಕಿದಂತಾಗಿತ್ತು.

ಅಜ್ಜಿ ಒಂದು ಗಳಿಗೆ ಕಾದರು. ಮುಖ ಸಣ್ಣದಾಯಿತು.

“ಯಾಕಪ್ಪ ರಫೀಕಾ, ನಮ್ಮುಂದೆ ಎದ್ದೇಳಕ್ಕಾಗ್ದಷ್ಟು ದೊಡ್ ಮನ್ಸ ಆಗ್ಬುಟ್ಟಾ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಲ್ಲು ಕಚ್ಚಿ ಮೇಲೇಳಲು ನೋಡಿದೆ. ನಾನು ಅರ್ಧ ಎದ್ದೆ, ಕುರ್ಚಿಯೂ ನನ್ನ ಜೊತೆ ಎದ್ದಿತು! ಕೈ ಇರುವ ಪ್ಲಾಸ್ಟಿಕ್ ಕುರ್ಚಿಗಳ ಗುಣವೇ ಅದು, ಬಾಡಿಗೆಗೆ ಕೊಡುವ ನನಗೆ ಗೊತ್ತಿಲ್ಲದ್ದೇನಲ್ಲ. ಮಕ್ಕಳು ಕಿಸಕ್ಕನೆ ನಕ್ಕವು. ಕೊನೆಗೆ ನಮ್ಮ ಪೆಂಡಾಲಿನ ಪುಟ್ಟಸ್ವಾಮಿ ಓಡಿ ಬಂದು, ಕುರ್ಚಿಯನ್ನು ಕಾಲಿನಿಂದ ಒತ್ತಿ ಹಿಡಿದು, ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದ. ವಿಷಯ ತಿಳಿದ ಮೇಲೆ ಅಜ್ಜಿಗೆ ನನಗಿಂತ ಹೆಚ್ಚು ಸಂಕಟವಾಯಿತು. ತಾಂಬೂಲದ ಜೊತೆ ಯಾವುದೋ ಎಣ್ಣೆಯ ಹೆಸರನ್ನೂ ಕೊಟ್ಟು ಕಳಿಸಿದರು.

ಇಷ್ಟಕ್ಕೂ ವಿಷಯ ಏನು ಅಂತೀರಾ? ನನಗೊಂದು ಕಾಯಿಲೆ. ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಬಾಯಿಪಾಠ ಮಾಡಲು ನನಗೇ ಒಂದು ವಾರ ಬೇಕಾಯಿತು. ಪುಟ್ಟಸ್ವಾಮಿ ಇವತ್ತಿಗೂ ಅದನ್ನು ‘ಆ ಇಂಗ್ಲಿಸ್ ಕಾಯ್ಲೆ’ ಅಂತಲೇ ಕರೆಯುತ್ತಾನೆ.

ವರ್ಷಗಳಿಂದ ಬೆನ್ನು ನೋಯುತ್ತಿತ್ತು. ಕಂಬ ಹೊತ್ತು, ಕೊಪ್ಪರಿಗೆ ಎತ್ತಿ ಹಿಂಗಾಗಿದೆ ಅಂದುಕೊಂಡಿದ್ದೆವು. ನನ್ನ ಅಬ್ಬಾಗೂ ಬೆನ್ನು ನೋಯುತ್ತಿತ್ತು, ಪಕ್ಕದಂಗಡಿಯ ಸಿಮೆಂಟಿನವರಿಗೂ ನೋಯುತ್ತದೆ, ಯಾರಿಗೆ ನೋಯಲ್ಲ ಹೇಳಿ? ಎಣ್ಣೆ ತಿಕ್ಕಿಸಿದ್ದಾಯಿತು, ಬೆಲ್ಟು ಕಟ್ಟಿದ್ದಾಯಿತು. ಆದರೆ ನನ್ನ ನೋವಿನ ನಡತೆಯೇ ಬೇರೆ. ರಾತ್ರಿಯೆಲ್ಲ ಮಲಗಿ ಎದ್ದರೆ ಜಾಸ್ತಿ. ದಿನವಿಡೀ ಶಾಮಿಯಾನ ಕಟ್ಟಿ ಬಂದರೆ ಕಮ್ಮಿ. ಈ ವರ್ಷದ ಶುರುವಿನಲ್ಲಿ ಮೈಸೂರಿನ ಡಾಕ್ಟರಮ್ಮ ಒಬ್ಬರು ಇದನ್ನು ಕೇಳಿದ್ದೇ ತಡ, ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಮಾಡಿಸಿ ಹೇಳಿದರು, ಇದು ಆಟೋಇಮ್ಯೂನ್ ಅಂತ. ಅಂದರೆ? ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ಬೀಳುವುದು. ಮದುವೆಮನೆ ಕಾವಲಿಗೆ ನಿಲ್ಲಿಸಿದವನೇ ಮದುಮಗನ ಕೊರಳಪಟ್ಟಿ ಹಿಡಿದ ಹಾಗೆ.

ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಹತೋಟಿಯಲ್ಲಿ ಇಡಬಹುದು. ಮಾತ್ರೆ ಬರೆದರು, ಮುಂದೆ ಬೇಕಾದರೆ ಇಂಜೆಕ್ಷನ್ನೂ ಇದೆ ಅಂದರು. ನಾನು ಬಾಗಿಲ ಹತ್ತಿರ ಹೋದ ಮೇಲೆ ಮತ್ತೆ ಕರೆದು ಹೇಳಿದರು: ಸುಮ್ಮನೆ ಕೂರಬೇಡಿ, ನಡೀರಿ, ಬಗ್ಗಿ, ಕೈಕಾಲು ಆಡಿಸಿ. ತೀರಾ ಭಾರದ್ದು ಮಾತ್ರ ಬೇರೆಯವರಿಗೆ ಬಿಡಿ. ಕೂತರೆ ಬೆನ್ನು ಬಿಗಿಯುತ್ತಾ ಹೋಗುತ್ತೆ.

ನಾನು ಮನೆಗೆ ಬಂದು ಇದನ್ನೇ ಹೇಳಿದೆ. ಯಾರಾದರೂ ನಂಬಿದರೆ ಕೇಳಿ!

ನಮ್ಮ ಊರುಗಳಲ್ಲಿ ಕಾಯಿಲೆ ಅಂದರೆ ರೆಸ್ಟು. ರೆಸ್ಟು ಅಂದರೆ ಪ್ರೀತಿ. ಪ್ರೀತಿ ಇದ್ದವರು ಕೂರಿಸುತ್ತಾರೆ, ಇನ್ನೂ ಪ್ರೀತಿ ಇದ್ದವರು ಮಲಗಿಸುತ್ತಾರೆ. ‘ಡಾಕ್ಟರ್ ಓಡಾಡೋಕೆ ಹೇಳಿದ್ದಾರೆ’ ಅಂದರೆ ನನ್ನ ಹೆಂಡತಿ ನಸೀಮಾ ನಗುತ್ತಾಳೆ. ಅಂಗಡಿ ಬಿಟ್ಟಿರಲಾರದೆ ನಾನೇ ಕಟ್ಟಿದ ಕಥೆ ಇದು ಅಂತ ಅವಳ ತೀರ್ಮಾನ. ಮೊದಲ ಸಲ ಡಾಕ್ಟರ ಹತ್ತಿರ ಒಬ್ಬನೇ ಹೋಗಿದ್ದು ನನ್ನ ಗ್ರಹಚಾರ, ಸಾಕ್ಷಿಯೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ. ಸ್ಕೂಟರ್ ಕೀ ಅವಳ ಸೆರಗಿನ ಗಂಟಿಗೆ ಹೋಯಿತು. ನೀರಿನ ಚೊಂಬು ಎತ್ತಿದರೆ ಕೈಯಿಂದ ಕಿತ್ತುಕೊಂಡರು. ನೋಡಲು ಬಂದವರು ಬ್ರೆಡ್ಡು, ಮೂಸಂಬಿ ತಂದು, ಏಳಬೇಡಿ ಏಳಬೇಡಿ ಅನ್ನುತ್ತಲೇ ಒಳಗೆ ಬಂದರು. ಶುಕ್ರವಾರ ಮಸೀದಿಗೆ ಹೋದರೆ ನನಗಿಂತ ಮೊದಲೇ ನನಗೊಂದು ಕುರ್ಚಿ ಬಂದು ಕೂತಿರುತ್ತಿತ್ತು. (ಅದೂ ನನ್ನ ಅಂಗಡಿಯದೇ, ಬಾಡಿಗೆಯಿಲ್ಲ.) ಬೇಡ ಅಂದರೆ ಪಕ್ಕದ ಹಿರಿಯರಿಗೆ ಬೇಜಾರು. ಅಂತೂ ಕಾಯಿಲೆ ನನ್ನನ್ನು ಒಂದು ಕಡೆ ಹಿಡಿದರೆ ನನ್ನವರು ನಾಲ್ಕೂ ಕಡೆಯಿಂದ ಹಿಡಿದಿದ್ದರು.

ಪುಟ್ಟಸ್ವಾಮಿಯೂ ಆ ಕಡೆಯವನೇ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಓದಿದವರು, ಈಗ ಕಂಬ, ಹಗ್ಗದ ಕೆಲಸಕ್ಕೆಲ್ಲ ಅವನೇ ಮೇಸ್ತ್ರಿ. ನಸೀಮಾ ಅವನಿಗೆ ಫೋನ್ ಮಾಡಿ, ಇವರ ಕೈಗೆ ಒಂದು ಹಗ್ಗವನ್ನೂ ಕೊಡಬೇಡಿ ಅಂದಿದ್ದಳು. ಅವನು ಅಕ್ಷರಶಃ ಪಾಲಿಸಿದ. ಆ ಬೀಗರ ಊಟದ ದಿನ ನನ್ನನ್ನು ಫ್ಯಾನಿನ ಗಾಳಿಗೆ ಕೂರಿಸಿದವನೂ ಅವನೇ, ಎದ್ದಾಗಲೆಲ್ಲ ಬಂದು ಮತ್ತೆ ಕೂರಿಸಿದವನೂ ಅವನೇ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಾಗಮಂಗಲದಲ್ಲಿರುವ ನನ್ನ ಅಣ್ಣ, ನಸೀಮಾ ಸೇರಿಕೊಂಡು ಅಂಗಡಿಯನ್ನೇ ಕೊಟ್ಟುಬಿಡುವ ಮಾತು ಎತ್ತಿದ್ದರು. ಪಾಂಡವಪುರದಿಂದ ಇದೇ ವ್ಯಾಪಾರದವರೊಬ್ಬರು ಬಂದು ಕಂಬ, ಬಟ್ಟೆ, ಪಾತ್ರೆ ಎಲ್ಲ ನೋಡಿಕೊಂಡೂ ಹೋಗಿದ್ದರು. ಬಟ್ಟೆಯ ಅಂಚು ಹಿಡಿದು ಎಳೆದೆಳೆದು ನೋಡಿದರು. ಅವರು ಹೋದ ಮೇಲೆ ನಾನು ಆ ಅಂಚನ್ನು ಮತ್ತೆ ಮಡಿಸಿಟ್ಟೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನುವ ಧೈರ್ಯವೂ ಇರಲಿಲ್ಲ. ನಾಳೆ ನಿಜಕ್ಕೂ ಬೆನ್ನು ಬಗ್ಗಿಹೋದರೆ? ಹೆಂಡತಿ ಮಕ್ಕಳು ನೋಡಿಕೊಳ್ಳಬೇಕಾದೀತು ಅನ್ನುವ ಭಯ ನನಗೂ ಇತ್ತು ಸ್ವಾಮಿ.

ನಿಂಗಮ್ಮನವರ ಮುಂದೆ ಆದ ಕಥೆ ನನಗಿಂತ ಮೊದಲೇ ಮನೆ ತಲುಪಿತ್ತು. ನಸೀಮಾ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಎದ್ದು ನಿಲ್ಲೋಕೇ ಆಗ್ತಿಲ್ಲ ಅಂದ್ಮೇಲೆ ಇನ್ನೇನು ಉಳೀತು? ಈ ತಿಂಗಳಲ್ಲೇ ಕೊಟ್ಟುಬಿಡೋಣ” ಅಂದಳು. (ಮನೆಯಲ್ಲಿ ನಾವು ಆಡುವುದು ಉರ್ದು. ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಖಾರ ಸ್ವಲ್ಪ ಕಮ್ಮಿಯಾಗಿದೆ.) ನಾನು ಒಂದೇ ಒಂದು ಷರತ್ತು ಹಾಕಿದೆ. ಈ ಸಲ ಡಾಕ್ಟರ ಹತ್ತಿರ ನೀನೂ ಬರಬೇಕು. ಅವರೂ ಕೂರು ಅಂದರೆ ಕೂರುತ್ತೇನೆ, ಅಂಗಡಿ ಕೊಡುವುದಕ್ಕೂ ಅಡ್ಡ ಬರಲ್ಲ.

ಬಂದಳು. ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ, ಬಗ್ಗಿಸಿ ನೋಡಿದರು. ಹೋದ ಸಲಕ್ಕಿಂತ ಬಿಗಿತ ಜಾಸ್ತಿಯಾಗಿದೆಯಲ್ಲ, ಮಾತ್ರೆ ಬಿಟ್ಟಿದ್ದೀರಾ ಅಂದರು. ಇಲ್ಲ ಡಾಕ್ಟರೇ, ಒಂದು ಹೊತ್ತೂ ತಪ್ಪಿಸಿಲ್ಲ, ನಾನೇ ಕೈಯಾರೆ ಕೊಡ್ತೀನಿ ಅಂತ ನಸೀಮಾ ಮುಂದೆ ಬಂದಳು. ಕೆಲಸ ಏನೂ ಮಾಡಿಸಲ್ಲ, ಪೂರ್ತಿ ರೆಸ್ಟು ಅಂತ ಹೆಮ್ಮೆಯಿಂದಲೇ ಸೇರಿಸಿದಳು.

ಡಾಕ್ಟರಮ್ಮ ಕನ್ನಡಕ ತೆಗೆದರು. “ರೆಸ್ಟ್ ಕೊಡಿ ಅಂತ ನಿಮಗೆ ಯಾರಮ್ಮಾ ಹೇಳಿದ್ದು? ಈ ಕಾಯಿಲೆಯಲ್ಲಿ ಕೂರಿಸಿದರೆ ಕೂತಲ್ಲೇ ಉಳಿದುಬಿಡ್ತಾರೆ.”

ನನಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಸೀಮಾಳ ಮುಖ ನೋಡಿದವನಿಗೆ ಯಾಕಾದರೂ ಕರೆದುಕೊಂಡು ಬಂದೆನೋ ಅನ್ನಿಸಿತು.

ವಾಪಸು ಬಸ್ಸು ಹತ್ತಿದೆವು. ಶ್ರೀರಂಗಪಟ್ಟಣ ಬಂತು, ಹೊಳೆಯೂ ದಾಟಿತು. ನಸೀಮಾ ಬಾಯಿ ಬಿಡದೆ ಶ್ರೀರಂಗಪಟ್ಟಣ ದಾಟಿದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು. ಪಟ್ಟಣ ಹಿಂದೆ ಬಿದ್ದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು.

“ನಿಮಗೆ ಒಳ್ಳೇದಾಗಲಿ ಅಂತ ಮಾಡ್ದೆ. ನಿಮ್ಮ ಬೆನ್ನು ಬಿಗಿಸಿದ್ದು ನಾನೇನಾ?”

ಹೌದು ಅಂದರೆ ಅನ್ಯಾಯ, ಅಲ್ಲ ಅಂದರೆ ಸುಳ್ಳು. ಅವಳ ಕೈ ಹಿಡಿದುಕೊಂಡೆ. ಕಂಡಕ್ಟರು ಒಂದು ಥರ ನೋಡಿದ. ನೋಡಿಕೊಳ್ಳಲಿ ಬಿಡಿ ಅಂದುಕೊಂಡೆ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯ ಹೊಸತರಲ್ಲೂ ಇಲ್ಲ.

ಪಾಂಡವಪುರ ಸ್ಟ್ಯಾಂಡಿಗೆ ಬಸ್ಸು ಬಂದಾಗ ಅವಳು ದಿಢೀರನೆ ಎದ್ದಳು. ಇಳೀರಿ ಅಂದಳು. ನಮ್ಮ ಟಿಕೆಟು ಕೆ.ಆರ್. ಪೇಟೆಗಲ್ಲವೇ ಅಂದೆ. ಇಳೀರಿ ಅಂದ್ನಲ್ಲ ಅಂದಳು. ಇಳಿದೆ. ಮುಂದೆ ಮುಂದೆ ಅವಳು, ಹಿಂದೆ ಹಿಂದೆ ನಾನು. ಬಿಸಿಲಲ್ಲಿ ಅಷ್ಟು ದೂರ ನಡೆಸಿದಳು. ಮೊದಲ ನಾಲ್ಕು ಹೆಜ್ಜೆ ಸೊಂಟ ಹಟ ಮಾಡಿತು, ಆಮೇಲೆ ಸಡಿಲಾಯಿತು. ಹೋಗಿ ನಿಂತಿದ್ದು ನನ್ನ ಸಾಮಾನು ನೋಡಿಕೊಂಡು ಹೋಗಿದ್ದ ಆ ವ್ಯಾಪಾರಿಯ ಅಂಗಡಿ ಮುಂದೆ.

ಪಾಪ, ಒಳ್ಳೆಯ ಮನುಷ್ಯ. ಓಹೋ ಬನ್ನಿ ಅಕ್ಕಾ, ಬನ್ನಿ ಭಾಯ್ ಅಂತ ಎರಡು ಕುರ್ಚಿ ಎಳೆದು, ಟವೆಲಿನಲ್ಲಿ ಒರೆಸಿ, ಕೂತ್ಕೊಳಿ ಅಂದರು.

“ಕೂರಲ್ಲ ಅಣ್ಣಾ” ಅಂದಳು ನಸೀಮಾ. “ಸಾಮಾನು ನೋಡೋಕೆ ನಾವೇ ಕರೆಸಿದ್ವಿ, ಅದಕ್ಕೆ ಎದುರಿಗೇ ಬಂದು ಹೇಳ್ಬೇಕು ಅಂತ ಬಂದೆ. ನಮ್ಮ ಯಜಮಾನರು ಅಂಗಡಿ ಕೊಡಲ್ಲ. ಅವರಿಗೆ ಕೆಲಸ ಬೇಕು.”

ಅವರು ನನ್ನ ಮುಖ ನೋಡಿದರು. ನಾನು ನಸೀಮಾಳ ಮುಖ ನೋಡಿದೆ. ಕೊನೆಗೆ ಅವರೇ ನಕ್ಕು, ಸರಿ ಬಿಡಿ, ದೊಡ್ಡ ಆರ್ಡರ್ ಬಂದರೆ ಕುರ್ಚಿಗೆ ನಿಮ್ಮಲ್ಲಿಗೇ ಬರ್ತೀನಿ ಅಂದರು. ನಿಂತುಕೊಂಡೇ ಟೀ ಕುಡಿದು ಬಂದೆವು.

ಈಗ ನನ್ನ ಪರಿಸ್ಥಿತಿ ಕೇಳಬೇಡಿ. ಬೆಳಕು ಹರಿಯುವುದಕ್ಕೇ ಎಬ್ಬಿಸಿ ನಾಲೆ ಏರಿ ಮೇಲೆ ನಡೆಸುತ್ತಾಳೆ. ಮೊದಲು ಕೂರಿಸಲು ಎಷ್ಟು ಹಟ ಮಾಡುತ್ತಿದ್ದಳೋ ಈಗ ಏಳಿಸಲು ಅಷ್ಟೇ ಹಟ. ಟಿವಿ ಮುಂದೆ ಸ್ವಲ್ಪ ಹೊತ್ತು ಕೂತರೆ ಅಡುಗೆಮನೆಯಿಂದಲೇ ಕೂಗು ಬರುತ್ತದೆ. (ಕ್ರಿಕೆಟ್ ಮ್ಯಾಚು ಪೂರ್ತಿ ನಿಂತುಕೊಂಡು ನೋಡಿದ್ದೀರಾ? ನಾನು ನೋಡಿದ್ದೇನೆ.) ಮಸೀದಿಯ ಹಿರಿಯರಿಗೂ ಡಾಕ್ಟರ ಮಾತು ತಲುಪಿಸಿದೆ. ಬಗ್ಗಲು ಆಗುವ ದಿನ ಸಾಲಿನಲ್ಲಿ ನಿಲ್ಲುತ್ತೇನೆ, ಆಗದ ದಿನ ನಾನೇ ಕುರ್ಚಿ ಎಳೆದುಕೊಳ್ಳುತ್ತೇನೆ.

ಹೌದು, ಆಗದ ದಿನಗಳು ಇವೆ. ಸುಳ್ಳು ಯಾಕೆ ಹೇಳಲಿ? ಸಾಕ್ಸು ಹಾಕಿಕೊಳ್ಳಲು ಇನ್ನೊಬ್ಬರು ಬೇಕಾಗುವ ಬೆಳಗುಗಳಿವೆ. ಯಾರ ಮೇಲೋ ಗೊತ್ತಿಲ್ಲದ ಸಿಟ್ಟು ಬರುತ್ತದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಮೈ ನನ್ನ ಮಾತು ಕೇಳುತ್ತದೆ. ಈ ಕಾಯಿಲೆಯ ಜೊತೆ ಬಾಳುವೆ ಮಾಡಬಹುದು ಅನ್ನುವ ನಂಬಿಕೆ ಬಂದಿದೆ. ನಾನೇನು ಹೇಳಿಕೊಂಡು ತಿರುಗುವವನಲ್ಲ, ಆದರೆ ಸಂತೋಷವಾಗಿದ್ದೇನೆ.

ಮೊನ್ನೆ ಊರಲ್ಲೇ ಒಂದು ಗೃಹಪ್ರವೇಶ. ಪುಟ್ಟಸ್ವಾಮಿಯ ಕೈಯಿಂದ ಹಗ್ಗ ಇಸಿದುಕೊಳ್ಳಲು ಹೋದೆ. ಬಿಡಲಿಲ್ಲ. ನಸೀಮಾಗೆ ಫೋನ್ ಮಾಡಿ ಅವನ ಕಿವಿಗೆ ಹಿಡಿದೆ. ಅವಳು ಏನಂದಳೋ, ಸ್ವಲ್ಪ ಹೊತ್ತು ಹೂಂ ಅಕ್ಕಾ ಹೂಂ ಅಕ್ಕಾ ಅಂದ. ಆಮೇಲೆ ಹಗ್ಗವನ್ನು ನನ್ನ ಕೈಗಿಟ್ಟು, ಮುಖ ಆ ಕಡೆ ಮಾಡಿಕೊಂಡ.

“ನೀ ಕೂತಿರು ಅಂತ ನಾವೆಲ್ಲ ಪುಣ್ಯದ ಕೆಲ್ಸ ಮಾಡ್ತಿದೀವಿ ಅನ್ಕಂಡು ಅಂಗೆ ಮಾಡ್ಬುಟ್ವಲ್ಲ ಕಣ್ಲಾ. ಒಂದ್ ಮಾತು ಬಾಯ್ಬುಟ್ಟು ಬೈಬಾರ್ದಿತ್ತಾ?”

ಹೇಗೆ ಬಯ್ಯಲಿ? ಕೆಟ್ಟದ್ದು ಮಾಡಿದವರನ್ನು ಬಯ್ಯಬಹುದು. ಮೂಸಂಬಿ ಸುಲಿದು ಬಾಯಿಗಿಡುವವರನ್ನು ಏನಂತ ಬಯ್ಯುವುದು? ಗೂಟದ ಹತ್ತಿರ ಬಗ್ಗಿ ಹಗ್ಗ ಎಳೆದು ಕಟ್ಟಿದೆ. ನಿಧಾನವಾಯಿತು, ಬೆವರು ಬಂತು, ಗಂಟು ಬಿಗಿಯಾಗಿ ಕೂತಿತು. ಕಂಬ ಎತ್ತುವುದು, ಕೊಪ್ಪರಿಗೆ ಹೊರುವುದು ಅವರ ಪಾಲಿಗೆ ಬಿಟ್ಟಿದ್ದೇನೆ. ಕಟ್ಟುವುದು ನನ್ನದು.

ನಿಮ್ಮ ಬೀದಿಯಲ್ಲೂ ಒಬ್ಬರು ಇರುತ್ತಾರೆ. ಸಂಧಿವಾತದವರೋ, ಲೂಪಸ್ಸಿನವರೋ, ಇನ್ನೂ ಹೆಸರೇ ತಿಳಿಯದ ಕಾಯಿಲೆಯವರೋ. ಕೆಲವರಿಗೆ ನಿಜಕ್ಕೂ ರೆಸ್ಟು ಬೇಕು, ಅದನ್ನು ಅವರ ಡಾಕ್ಟರು ಹೇಳಲಿ. ನೀವು ಹಣ್ಣು ತಗೊಂಡು ಹೋಗಿ, ಬೇಡ ಅನ್ನಲ್ಲ. ಜೊತೆಗೆ, ನಿಮಗೆ ಏನು ಮಾಡೋಕೆ ಇಷ್ಟ ಅಂತ ಅವರನ್ನೇ ಒಂದು ಮಾತು ಕೇಳಿ. ಆಮೇಲೆ ಮನೆಗೆ ಬಂದು ನಿಮ್ಮನ್ನು ನೀವು ಕೇಳಿಕೊಳ್ಳಿ:

ಅವರ ಕೈಯಿಂದ ಕೆಲಸ ಕಿತ್ತುಕೊಂಡಿದ್ದು ಕಾಯಿಲೆಯಾ, ನೀವಾ?